ಗೋಡೆ ದಾಟದ ಈರುಳ್ಳಿ

“ಇನ್ನೊಂಚೂರು ಈಚೆ ತಳ್ಳಿ, ಲಕ್ಷ್ಮೀದೇವಮ್ಮನೋರೆ. ಹಾಂ, ಸಾಕು ಸಾಕು! ಕೊಳವೆ ಮಾತ್ರ ಬರ್ಲಿ. ಕುಕ್ಕರ್ ಆ ಕಡೇನೇ ಇರ್ಬೇಕು.”

ಬದರೀನಾರಾಯಣ ರಾಯರು ಒದ್ದೆ ಪಂಚೆ ಉಟ್ಟು ತಾರಸಿಯ ಕಟ್ಟೆಯ ಮೇಲೆ ಹೊಟ್ಟೆಯೂರಿ ಬಾಗಿ, ಗಾಳಿಯಲ್ಲಿ ಓಲಾಡುತ್ತ ಬಂದ ತಾಮ್ರದ ಕೊಳವೆಯ ತುದಿಯನ್ನು ಹಿಡಿದುಕೊಂಡರು. ಕೊಳವೆಯ ಇನ್ನೊಂದು ತುದಿ ಪಕ್ಕದ ಮನೆಯ ತಾರಸಿಯಲ್ಲಿತ್ತು. ಅಲ್ಲಿ ಲಕ್ಷ್ಮೀದೇವಮ್ಮ ಗ್ಯಾಸ್ ಒಲೆಯ ಮೇಲೆ ದೊಡ್ಡ ಕುಕ್ಕರ್ ಇಟ್ಟು, ಅದರ ಮುಚ್ಚಳದಲ್ಲಿ ವಿಷಲ್ ಕೂರುವ ಜಾಗಕ್ಕೆ ಕೊಳವೆ ಸಿಕ್ಕಿಸಿ, ಸುತ್ತ ಗೋಧಿ ಹಿಟ್ಟು ಮೆತ್ತಿದ್ದರು. ಕುಕ್ಕರಿನೊಳಗೆ ಅವರೇ ಹೆಚ್ಚಿ ಹಾಕಿದ ಈರುಳ್ಳಿ. ಎರಡು ತಾರಸಿಗಳ ನಡುವೆ ಒಬ್ಬರು ಅಡ್ಡಡ್ಡ ನಡೆಯಬಹುದಾದಷ್ಟು ಸಂದಿ, ಸಂದಿಯ ಮಧ್ಯೆ ಕೆಳಗೆ ಕಾಂಪೌಂಡ್ ಗೋಡೆ.

“ಆವಿಯಾಗಿ ದಾಟ್ಬೇಕು,” ಎಂದರು ರಾಯರು. “ನೀರಾಗಿ ದಾಟ್ಬಾರದು. ನೀರಾಗೋದು ನಮ್ಮನೇಲಿ.”

ಅವರ ಸೊಸೆ ಸುಪ್ರಜಾ ಐಸ್ ತುಂಬಿದ ಬಕೆಟ್ಟಿನೊಳಗೆ ಕೊಳವೆಯನ್ನು ಸುರುಳಿ ಸುತ್ತಿ ಮುಳುಗಿಸಿದಳು. ಬಕೆಟ್ಟಿನಿಂದ ಹೊರಗೆ ಬಂದ ತುದಿಯ ಕೆಳಗೆ ರಾಯರು ಸಂಧ್ಯಾವಂದನೆಯ ಬೆಳ್ಳಿ ಲೋಟವನ್ನು ಇಟ್ಟು, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

“ರಾಯ್ರೇ, ಇಷ್ಟೆಲ್ಲ ರಾಮಾಯಣ ಯಾಕೆ?” ಲಕ್ಷ್ಮೀದೇವಮ್ಮ ಒಲೆ ಹಚ್ಚುತ್ತ ಕೇಳಿದರು. “ನಾನೇ ಒಂದು ಬಟ್ಲು ಈರುಳ್ಳಿ ಹುಳಿ ಮಾಡಿ ಹಿತ್ಲ ಬಾಗ್ಲಲ್ಲಿ ಭಾಗೀರಥಕ್ಕನ ಕೈಗೆ ಕೊಟ್ಬಿಡ್ತೀನಿ. ಯಾರ್ಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗುತ್ತಲ್ಲಮ್ಮ.”

“ನೀವು ಕಣ್ ಮುಚ್ಕೊಳ್ಳಿ.”

“ಮೂಗು?”

ಲಕ್ಷ್ಮೀದೇವಮ್ಮ ಒಲೆಯ ಉರಿ ಏರಿಸಿದರು. ಕೆಳಗಿನಿಂದ ಅವರ ಗಂಡ ದೊಡ್ಡಬೈರಪ್ಪನವರ ಗಂಟಲು ಕೇಳಿಸಿತು: “ಏನಮ್ಮೀ ಅದು? ರಾಯ್ರನ್ನ ಸೇರಿಸ್ಕೊಂಡು ಸಾರಾಯಿ ಕಾಯಿಸ್ತಿದೀಯಾ?”

ಕುಕ್ಕರ್ ಗೊರಗೊರ ಎನ್ನತೊಡಗಿತು.

ರಾಯರ ಹೆಂಡತಿ ಭಾಗೀರಥಮ್ಮ ಊಟ ಬಿಟ್ಟದ್ದು ಮೊದಲ ದಿನ ಯಾರ ಗಮನಕ್ಕೂ ಬಂದಿರಲಿಲ್ಲ, ಏಕೆಂದರೆ ಅಂದು ಏಕಾದಶಿ. ಏಕಾದಶಿಯ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ರಾಯರೂ ಭಾಗೀರಥಮ್ಮನೂ ತೀರ್ಥ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ. ಮಾರನೆಯ ಬೆಳಗಿನ ಜಾವ ಎಲ್ಲರೂ ಹಸಿದು ತೊವ್ವೆ ಅನ್ನ ಕಲಸುತ್ತಿದ್ದಾಗ ಆಕೆ ಎಲೆಯನ್ನು ಮುಂದಕ್ಕೆ ಸರಿಸಿ, “ಮಣ್ಣು ತಿಂದ ಹಾಗಾಗತ್ತೆ,” ಎಂದರು. ಅದಕ್ಕೂ ಹಿಂದಿನ ವಾರವೆಲ್ಲ ಜ್ವರ ಬಂದು ಮಲಗಿದ್ದರು. ಜ್ವರ ಇಳಿದಿತ್ತು, ಆದರೆ ಹೋಗುವಾಗ ನಾಲಿಗೆಯನ್ನೂ ತೆಗೆದುಕೊಂಡು ಹೋದಂತಿತ್ತು. ಡಾಕ್ಟರು ರಕ್ತ ನೋಡಿದರು, ಮೂತ್ರ ನೋಡಿದರು, ಎದೆ ನೋಡಿದರು. ಎಲ್ಲ ಸರಿಯಾಗಿದೆ, ಏನು ಕೇಳ್ತಾರೋ ಅದನ್ನ ಕೊಡಿ ಎಂದರು.

“ಏನು ತಿಂತೀಯ?” ಎಂದು ರಾಯರು ಕೇಳಿದರು. ಮದುವೆಯಾದ ಮೇಲೆ ಈ ಪ್ರಶ್ನೆಯನ್ನು ಕೇಳಿದ್ದು ಬಹುಶಃ ಅದೇ ಮೊದಲು. ಅಡುಗೆ ಮಾಡುವವರನ್ನು ಹಾಗೆ ಕೇಳುವ ರೂಢಿ ಇಲ್ಲ.

ಭಾಗೀರಥಮ್ಮ ಫ್ಯಾನಿನ ಕಡೆ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. “ಈರುಳ್ಳಿ ಹುಳಿ,” ಎಂದರು. “ಸಣ್ಣ ಈರುಳ್ಳೀದು. ಇಡಿಯಾಗಿ ಹಾಕಿರ್ಬೇಕು. ಚಾಮರಾಜಪೇಟೇಲಿ ನಮ್ಮಮ್ಮ ಮಾಡ್ತಿದ್ಳಲ್ಲ, ಆ ಥರ.”

ಚಾಮರಾಜಪೇಟೆಯ ಅವರ ತವರಿನಲ್ಲಿ ಹಬ್ಬ ಹರಿದಿನ ಬಿಟ್ಟರೆ ಈರುಳ್ಳಿಗೆ ಅಡ್ಡಿಯಿರಲಿಲ್ಲ. ಬಸವನಗುಡಿಯ ಈ ಮನೆಯಲ್ಲಿ ಅದು ಹೊಸಿಲು ದಾಟಿದ್ದೇ ಇಲ್ಲ. ಮದುವೆಯಾಗಿ ಬಂದ ದಿನದಿಂದ ಭಾಗೀರಥಮ್ಮ ಅದರ ಹೆಸರೆತ್ತಿರಲಿಲ್ಲ. ಅಷ್ಟು ವರ್ಷ ಇಟ್ಟುಕೊಂಡಿದ್ದ ಮಾತನ್ನು ಈಗ ಆಡಿ, ಆಕೆ ಮಗ್ಗುಲು ಬದಲಿಸಿ ಮಲಗಿಬಿಟ್ಟರು. ಆಮೇಲೆ ದಿನಕ್ಕೆರಡು ಚಮಚ ಗಂಜಿ, ಒಂದು ಲೋಟ ಮಜ್ಜಿಗೆ. ಕೈಬಳೆಗಳು ಮೊಣಕೈವರೆಗೂ ಜಾರತೊಡಗಿದವು.

ರಾಯರು ಸರ್ಕಾರದ ಲೆಕ್ಕ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತರಾದವರು. ನಿಯಮ ಮುರಿಯುವವರನ್ನು ಜೀವನವಿಡೀ ಹಿಡಿದವರು. ಹಾಗಾಗಿ ನಿಯಮ ಮುರಿಯದೆ ಕೆಲಸ ಸಾಧಿಸುವವರ ಮೇಲೆ ಅವರಿಗೆ ಒಳಗೊಳಗೇ ಗೌರವವಿತ್ತು. ಹೆಂಡತಿ ಬದುಕಬೇಕು. ಈರುಳ್ಳಿ ಬರಬಾರದು. ಎರಡೂ ಒಟ್ಟಿಗೆ ಆಗುವ ದಾರಿಯೊಂದು ಎಲ್ಲೋ ಇರಲೇಬೇಕು ಎಂದು ಅವರು ನಂಬಿದ್ದರು.

ದಾರಿ ತೋರಿಸಿದ್ದು ಸುಪ್ರಜಾಳ ಬಿಸ್ಕೆಟ್ಟು. ಅವಳು ಮನೆಯ ಮಹಡಿಯಲ್ಲೊಂದು ಓವನ್ ಇಟ್ಟುಕೊಂಡು, ಮೊಟ್ಟೆಯಿಲ್ಲದ ಕೇಕು ಬಿಸ್ಕೆಟ್ಟು ಮಾಡಿ ಮಾರುತ್ತಿದ್ದಳು. ಈಚೆಗೆ ಎಲ್ಲಕ್ಕೂ ಎಸೆನ್ಷಿಯಲ್ ಆಯಿಲ್ ಹಾಕುವ ಹುಚ್ಚು ಹತ್ತಿತ್ತು. ಹೆಬ್ಬೆರಳಿನಷ್ಟು ದೊಡ್ಡ ಕಂದು ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು: ಏಲಕ್ಕಿ, ಶುಂಠಿ, ಮಜ್ಜಿಗೆ ಹುಲ್ಲು, ಲ್ಯಾವೆಂಡರ್. ಲ್ಯಾವೆಂಡರ್ ಕೇಕು ತಿಂದ ದಿನ ಭಾಗೀರಥಮ್ಮ, “ಚೆನ್ನಾಗಿದೆ ಕಣೆ, ಸ್ನಾನ ಆದ ಹಾಗಾಯ್ತು,” ಎಂದಿದ್ದರು. ಅದು ಜ್ವರಕ್ಕೆ ಮುಂಚೆ.

ರಾಯರು ಪುದೀನ ಬಿಸ್ಕೆಟ್ಟನ್ನು ಮುರಿದು ಒಳಗೆ ನೋಡಿದರು.

“ಇದ್ರಲ್ಲಿ ಪುದೀನ ಎಲ್ಲಮ್ಮ?”

“ಸೊಪ್ಪು ಹಾಕಿಲ್ಲ ಮಾವ. ಎಣ್ಣೆ ಒಂದು ಹನಿ, ಅಷ್ಟೆ.”

“ಅಂದ್ರೆ ಪುದೀನ ಇಲ್ಲ.”

“ಇಲ್ಲ.”

“ಆದ್ರೆ ಪುದೀನ ಇದೆ.”

“ಇದೆ.”

ಹೇಗೆ ಮಾಡುತ್ತಾರೆಂದು ಅವಳು ವಿವರಿಸಿದಳು. ಸೊಪ್ಪಿನ ಮೂಲಕ ಹಬೆ ಹಾಯಿಸುತ್ತಾರೆ, ಹಬೆ ಅದರ ವಾಸನೆಯನ್ನು ಎತ್ತಿಕೊಂಡು ಹೋಗುತ್ತದೆ, ತಣ್ಣಗಾದಾಗ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಸೊಪ್ಪು ಪಾತ್ರೆಯಲ್ಲೇ ಉಳಿಯುತ್ತದೆ.

“ಪಾತ್ರೇಲೇ ಉಳಿಯುತ್ತೆ,” ಎಂದರು ರಾಯರು. ಅಂದು ಮಧ್ಯಾಹ್ನ ಅವರು ನಿದ್ದೆ ಮಾಡಲಿಲ್ಲ. ಈರುಳ್ಳಿಯ ಎಣ್ಣೆಯೂ ಬಾಟಲಿಯಲ್ಲಿ ಸಿಗುತ್ತದೆ ಎಂದು ಸುಪ್ರಜಾ ಹೇಳಿದಾಗ, ಅದನ್ನು ಯಾರು ಮುಟ್ಟಿದ್ದಾರೋ, ಯಾವ ಪಾತ್ರೆಯಲ್ಲಿ ಕಾಯಿಸಿದ್ದಾರೋ ಎಂದು ತಲೆಯಲ್ಲಾಡಿಸಿದರು. ಸಂಜೆ ಅವರೇ ಆಟೋ ಹಿಡಿದು ಓಕಳಿಪುರಂಗೆ ಹೋಗಿ, ಫ್ರಿಜ್ ರಿಪೇರಿ ಅಂಗಡಿಯೊಂದರಲ್ಲಿ ತಾಮ್ರದ ಕೊಳವೆ ತಂದರು.

ಈಗ ಆ ಕೊಳವೆಯ ತುದಿಯಲ್ಲಿ ಹನಿ ಕಟ್ಟಿತು. ಹನಿ ಬಹಳ ಹೊತ್ತು ಬೀಳಲೋ ಬೇಡವೋ ಎಂದು ನಡುಗಿ, ಕೊನೆಗೆ ಬೆಳ್ಳಿ ಲೋಟಕ್ಕೆ ಟಪ್ಪೆಂದು ಬಿತ್ತು. ಅರ್ಧ ಗಂಟೆ ಕಳೆಯುವುದರೊಳಗೆ ಲೋಟದಲ್ಲಿ ಒಂದಿಷ್ಟು ನೀರು, ನೀರಿನ ಮೇಲೆ ಸಾಸಿವೆ ಕಾಳಿನಷ್ಟು ಅಗಲದ ಎಣ್ಣೆಯ ಕಣ್ಣು. ವಾಸನೆಗೆ ರಾಯರ ಕಣ್ಣಲ್ಲಿ ನೀರು ಬಂತು. ಲೋಟದ ಒಳಮೈ ಕಪ್ಪಾಗಿತ್ತು.

“ಮಾವ, ಬೆಳ್ಳಿ ಕಪ್ಪಾಯ್ತು!”

ರಾಯರು ಲೋಟವನ್ನು ಬಿಸಿಲಿಗೆ ಹಿಡಿದು ನೋಡಿದರು. “ದೋಷ ಏನಿತ್ತೋ ಅದನ್ನ ಬೆಳ್ಳಿ ಹೀರ್ಕೊಂಡಿದೆ,” ಎಂದರು. “ಉಳಿದಿರೋದು ಶುದ್ಧ.”

ಆ ಮಧ್ಯಾಹ್ನ ಸುಪ್ರಜಾ ಮಾಡಿದ ಹುಳಿಗೆ, ದೇವರ ನೈವೇದ್ಯಕ್ಕೆ ಬೇರೆ ತೆಗೆದಿಟ್ಟ ಮೇಲೆ, ರಾಯರು ಡ್ರಾಪರಿನಿಂದ ಒಂದು ಹನಿ ಬಿಟ್ಟರು. ಅದು ಸಾಕೋ ಜಾಸ್ತಿಯೋ ಹೇಳುವವರಿರಲಿಲ್ಲ. ಬಡಿಸುವ ಮುಂಚೆ ರುಚಿ ನೋಡುವ ಪದ್ಧತಿ ಆ ಮನೆಯಲ್ಲಿಲ್ಲ. ರಾಯರು ಇನ್ನೊಂದು ಹನಿ ಬಿಟ್ಟರು. ಹೆಂಡತಿಯ ಬಳೆಗಳ ನೆನಪಾಗಿ ಮತ್ತೊಂದು ಬಿಟ್ಟರು.

ಭಾಗೀರಥಮ್ಮ ಎದ್ದು ಕುಳಿತರು. ಬಟ್ಟಲು ಕೋಣೆಗೆ ಬರುವ ಮುಂಚೆಯೇ ಅವರ ಮೂಗಿನ ಹೊಳ್ಳೆಗಳು ಅರಳಿದ್ದವು. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಾಲಿಗೆಯಿಂದ ಬಾಯಿಯ ಮೂಲೆ ಮೂಲೆಯಲ್ಲೂ ಏನನ್ನೋ ಹುಡುಕಿದರು. ಆಮೇಲೆ ಬಟ್ಟಲಿನೊಳಗೆ ಬೆರಳಾಡಿಸಿದರು. ಕುಂಬಳಕಾಯಿಯ ಹೋಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

“ಹೇಗಿದೆ?” ರಾಯರು ಬಾಗಿಲಲ್ಲೇ ನಿಂತಿದ್ದರು.

“ಇತ್ತು ಅನ್ನಿಸತ್ತೆ ರೀ,” ಎಂದರು ಭಾಗೀರಥಮ್ಮ. “ಯಾರೋ ಬಂದು ಕೂತಿದ್ದು ಈಗಷ್ಟೆ ಎದ್ದು ಹೋದ್ರೆ, ಕುರ್ಚಿ ಬೆಚ್ಚಗಿರತ್ತಲ್ಲ, ಹಾಗಿದೆ.”

ಇನ್ನೊಂದು ತುತ್ತು ತಿಂದು ಬಟ್ಟಲು ಕೆಳಗಿಟ್ಟರು. ಎರಡು ತುತ್ತು! ರಾಯರಿಗೆ ಅಷ್ಟೇ ಸಾಕಾಯಿತು. ಪ್ರಮಾಣ ಕಡಿಮೆಯಾಗಿದೆ ಎಂಬ ತೀರ್ಮಾನಕ್ಕೆ ಬಂದ ಅವರು ಮರುದಿನ ಲಕ್ಷ್ಮೀದೇವಮ್ಮನವರಿಗೆ ಇಮ್ಮಡಿ ಈರುಳ್ಳಿ ಹಾಕಲು ಹೇಳಿದರು.

ಮೂರನೆಯ ದಿನ ಬೀದಿಯ ಭಜನಾ ಮಂಡಳಿಯ ಕಾರ್ಯದರ್ಶಿ ಶೀನಣ್ಣ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಮೂವರೂ ಉತ್ತರೀಯದಿಂದ ಮೂಗು ಮುಚ್ಚಿಕೊಂಡಿದ್ದರು.

“ರಾಯ್ರೇ, ಬೀದಿ ಕೊನೇವರ್ಗೂ ಬರ್ತಿದೆ.”

“ಏನು ಬರ್ತಿದೆ?”

“ಅದೇ.”

“ಅದೇ ಅಂದ್ರೆ?”

ಶೀನಣ್ಣ ಹಿಂದೆ ಮುಂದೆ ನೋಡಿದರು. “ಆ ಪದಾರ್ಥ,” ಎಂದರು. “ನಿಮ್ಮಂಥೋರ ಮನೇಲಿ! ನಾಳೆ ನಮ್ಮ ಮಕ್ಕಳಿಗೆ ನಾವೇನಂತ ಹೇಳೋಣ?”

ರಾಯರು ಸಿಟ್ಟಾಗಲಿಲ್ಲ. ಅವರನ್ನು ತಾರಸಿಗೆ ಕರೆದುಕೊಂಡು ಹೋಗಿ, ಕುಕ್ಕರ್ ತೋರಿಸಿದರು, ಸಂದಿ ತೋರಿಸಿದರು, ಕೆಳಗಿನ ಗೋಡೆ ತೋರಿಸಿದರು. ಈರುಳ್ಳಿ ಎಲ್ಲಿದೆ? ಆ ಕಡೆ. ಗೋಡೆ ದಾಟಿದೆಯೆ? ಇಲ್ಲ. ದಾಟಿದ್ದೇನು? ಆವಿ. ಆವಿಗೆ ಮೈಲಿಗೆಯುಂಟೆ? ಹಾಗಿದ್ದರೆ ಊರಿನ ಚರಂಡಿಗಳ ಮೇಲಿಂದ ಎದ್ದ ಆವಿ ಮಳೆಯಾಗಿ ನಮ್ಮ ತುಳಸಿಗೆ ಬೀಳುವುದನ್ನೂ ತಡೆಯಬೇಕಾಗುತ್ತದೆ. ಎಣ್ಣೆ ಹುಟ್ಟಿದ್ದೆಲ್ಲಿ? ಈ ತಾರಸಿಯಲ್ಲಿ, ಬೆಳ್ಳಿಯಲ್ಲಿ, ಮಡಿಯಲ್ಲಿ.

“ಆಕ್ಷೇಪಣೆ ಇದ್ರೆ ಹೇಳಿ,” ಎಂದರು.

ಶೀನಣ್ಣ ಮೂಗಿನ ಮೇಲಿನ ಉತ್ತರೀಯ ಸರಿಸಿ ಲೋಟದ ಮೇಲೆ ಬಾಗಿದರು. ಉಸಿರೆಳೆದುಕೊಂಡರು. ಅದನ್ನು ಬಿಡಲು ಬಹಳ ಹೊತ್ತು ತೆಗೆದುಕೊಂಡರು.

“ಇನ್ನೊಂದ್ಸಲ ನೋಡ್ತೀನಿ,” ಎಂದರು. “ಆಕ್ಷೇಪಣೆ ಎತ್ತೋ ಮುಂಚೆ ಸರಿಯಾಗಿ ನೋಡ್ಬೇಕಲ್ವೆ?”

ಮಾರನೆಯ ಬೆಳಿಗ್ಗೆ ಅವರು ಒಬ್ಬರೇ ಬಂದರು. ಕೈಯಲ್ಲಿ ಕಣ್ಣಿನ ಔಷಧಿಯ ಖಾಲಿ ಬಾಟಲಿಯಿತ್ತು. “ನಮ್ಮನೆಯವಳಿಗೂ ಯಾಕೋ ಬಾಯಿಗೆ ರುಚೀನೇ ಇಲ್ಲ, ರಾಯ್ರೇ,” ಎಂದರು ನೆಲ ನೋಡುತ್ತ.

ಬಾಯಿರುಚಿ ಹೋಗುವ ಆ ಕಾಯಿಲೆ ಬೇಗ ಹಬ್ಬಿತು. ಮೊದಲು ಹೆಂಗಸರಿಗೆ ಎಂದು ಗಂಡಸರು ಬಾಟಲಿ ಹಿಡಿದು ಬಂದರು, ಆಮೇಲೆ ಗಂಡಸರಿಗೆ ಎಂದು ಹೆಂಗಸರು ಬಂದರು. ವಾರ ತುಂಬುವಷ್ಟರಲ್ಲಿ ಆ ಬೀದಿಯಲ್ಲಿ ಬಾಯಿರುಚಿ ಇರುವವರೇ ಉಳಿದಿರಲಿಲ್ಲ. ದೊಡ್ಡಬೈರಪ್ಪನವರು ಓಕಳಿಪುರಂನಿಂದ ಒಂದು ಆಟೋ ತುಂಬ ತಾಮ್ರದ ಕೊಳವೆ ತರಿಸಿದರು. ತಾರಸಿಯಿಂದ ತಾರಸಿಗೆ, ಬಟ್ಟೆ ಒಣಹಾಕುವ ತಂತಿಗಳ ನಡುವೆ ಕೊಳವೆಗಳು ಹಾದವು. ಅವುಗಳ ಬಿಸುಪಿಗೆ ಪಾರಿವಾಳಗಳು ಸಾಲಾಗಿ ಕೂತವು. ಈರುಳ್ಳಿ ತಿನ್ನುವ ನೆರೆಯವರಿಲ್ಲದ ಮನೆಗಳು ಪೇಚಿಗೆ ಸಿಕ್ಕಿಕೊಂಡವು. ಕಂಬದ ಮೇಲೆ ‘ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಅಂಟಿಸಿದ್ದ ಚೀಟಿಯನ್ನು ಒಬ್ಬರು ಕಿತ್ತು, ‘ಈರುಳ್ಳಿ ತಿನ್ನುವವರಿಗೆ ಆದ್ಯತೆ’ ಎಂದು ಹೊಸದನ್ನು ಅಂಟಿಸಿದರು.

“ಸ್ವಾಮಿ, ನಾವಿಬ್ರೂ ಪಾಲುದಾರರಾಗ್ಬಿಡೋಣ,” ಎಂದು ದೊಡ್ಡಬೈರಪ್ಪನವರು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈಯೂರಿ ಹೇಳಿದರು. “ಸೈಟು ಗೀಟು ಮಾರೋದೆಲ್ಲ ಬಿಟ್ಬಿಡ್ತೀನಿ. ಈರುಳ್ಳಿ ನಂದು, ಮಡಿ ನಿಮ್ದು. ಇಡೀ ಬಸವನಗುಡಿ, ಮಲ್ಲೇಶ್ವರ ನಮ್ದೇ.”

“ಇದು ಔಷಧಿ, ಬೈರಪ್ಪನೋರೆ.”

“ಹೂಂ ಸ್ವಾಮಿ, ಔಷಧೀನೇ ತಾನೆ ಜಾಸ್ತಿ ಮಾರೋದು?”

ರಾಯರು ಒಳಗೆ ಹೋದರು. ಬೀದಿಗೆಲ್ಲ ಹಸಿವು ಹುಟ್ಟಿಸಿದ ಹನಿ ಅವರ ಮನೆಯ ಕೋಣೆಯೊಳಗೆ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಭಾಗೀರಥಮ್ಮ ಪ್ರತಿದಿನ ಎರಡು ತುತ್ತು ತಿನ್ನುತ್ತಿದ್ದರು, ಅದೂ ಬಾಗಿಲಲ್ಲಿ ನಿಂತ ಗಂಡನ ಮುಖ ನೋಡಿ. ಮೂರನೆಯ ತುತ್ತಿನ ಹೊತ್ತಿಗೆ ಬಟ್ಟಲಿನೊಳಗೆ ಬೆರಳಾಡಿಸಿ, ಬೆರಳಿಗೆ ಏನೂ ಸಿಗದೆ, ಕೈ ತೊಳೆದುಬಿಡುತ್ತಿದ್ದರು. ಬಳೆಗಳು ಕೈಯಲ್ಲಿ ನಿಲ್ಲುತ್ತಿಲ್ಲವೆಂದು ಸುಪ್ರಜಾ ಅವಕ್ಕೆ ದಾರ ಸುತ್ತಿದಳು.

“ಮಾವ, ಅತ್ತೆ ಕೇಳಿದ್ದು ವಾಸನೆ ಅಲ್ಲ,” ಎಂದಳು ಅವಳು.

“ವಾಸನೆ ಬೇರೆ, ರುಚಿ ಬೇರೆ ಏನಮ್ಮ? ನಿನ್ನ ಬಿಸ್ಕೆಟ್ಟಲ್ಲಿ ಏನಿತ್ತು?”

“ಬಿಸ್ಕೆಟ್ಟಿತ್ತು, ಮಾವ.”

ಭಾನುವಾರ ಬಂತು. ರಾಯರು ಎಂದಿನಂತೆ ಬೆಳಿಗ್ಗೆ ಗೋಡೆಯ ಪಂಚಾಂಗದ ಮುಂದೆ ನಿಂತು, ಇಡೀ ಮನೆಗೆ ಕೇಳುವಂತೆ ತಿಥಿ ವಾರ ನಕ್ಷತ್ರ ಓದಿ, ಪೂಜೆಗೆ ಕುಳಿತರು. ಆ ಓದಿನ ಮೇಲೆಯೇ ಆ ಮನೆ ನಡೆಯುತ್ತಿತ್ತು. ತಾರಸಿಯಲ್ಲಿ ಕೊಳವೆಯ ಕೆಳಗೆ ಬೀದಿಯವರ ಬಾಟಲಿಗಳು ಸಾಲಾಗಿ ಕಾಯುತ್ತಿದ್ದವು. ಅವನ್ನು ಒಂದಾದ ಮೇಲೊಂದು ಸರಿಸುವ ಕೆಲಸವನ್ನು ಶೀನಣ್ಣ ತಾವಾಗಿಯೇ ವಹಿಸಿಕೊಂಡಿದ್ದರು.

ಪೂಜೆ, ಊಟ ಮುಗಿಸಿ ರಾಯರು ಮೇಲೆ ಬಂದಾಗ ಶೀನಣ್ಣ ಆಗಲೇ ಮನೆಗೆ ಹೋಗಿ ಉಂಡು ಹಿಂತಿರುಗಿದ್ದರು. ಮುಖದಲ್ಲಿ ಬೆವರಿತ್ತು, ಕಣ್ಣುಗಳು ಹೊಳೆಯುತ್ತಿದ್ದವು.

“ರಾಯ್ರೇ, ಇವತ್ತಿಂದು ಬೇರೆ ಥರ ಇದೆ! ಸ್ವಲ್ಪ ಹಳದಿ ಬಣ್ಣ. ಒಂಥರಾ... ಮೈಗೆ ಹತ್ತೋ ಹಾಗಿದೆ. ನಾನು ಎರಡು ಸಲ ಅನ್ನ ಹಾಕಿಸ್ಕೊಂಡೆ. ಏನಾದ್ರೂ ಹೊಸದಾಗಿ ಸೇರಿಸಿದ್ರಾ?”

“ಇಲ್ಲವಲ್ಲ.”

ಆಗ ಪಕ್ಕದ ತಾರಸಿಯಲ್ಲಿ ಲಕ್ಷ್ಮೀದೇವಮ್ಮನವರ ತಲೆ ಮೂಡಿತು. ಅವರು ಒಲೆಯ ಕಡೆ ನೋಡಿದರು, ಕೊಳವೆಯ ಕಡೆ ನೋಡಿದರು, ಬಾಟಲಿಗಳ ಸಾಲಿನ ಕಡೆ ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅಯ್ಯೋ ರಾಯ್ರೇ! ಕೆಳ್ಗಡೆ ಗ್ಯಾಸ್ ಮುಗ್ದೋಗಿತ್ತು, ಇಲ್ಲೇ ಮಾಡ್ಬಿಡಾಣ ಅಂತ ಇಟ್ಟೆ. ಆ ಪೈಪು ತೆಗ್ಯೋದೇ ಮರ್ತೋಯ್ತು. ಇವತ್ತು ಭಾನುವಾರ ಅಲ್ವಾ...”

ಭಾನುವಾರ ದೊಡ್ಡಬೈರಪ್ಪನವರ ಮನೆಯಲ್ಲಿ ಏನು ಮಾಡುತ್ತಾರೆಂದು ಬೀದಿಗೆಲ್ಲ ಗೊತ್ತಿತ್ತು. ಕೊಳವೆಯ ಮೇಲಿಂದ ಒಂದು ಪಾರಿವಾಳ ಎದ್ದು ಹೋಯಿತು. ಶೀನಣ್ಣ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅದು ಬೇರೆ ಯಾರದೋ ಹೊಟ್ಟೆಯೆಂಬಂತೆ ಅದನ್ನು ಸ್ವಲ್ಪ ಹೊತ್ತು ನೋಡಿದರು.

“ಕೋಳಿ,” ಎಂದು ಮೆಲ್ಲಗೆ ಕೇಳಿದರು, “ಗೋಡೆ ದಾಟಿಲ್ಲ ತಾನೆ?”

“ಇಲ್ಲ ಸ್ವಾಮಿ, ಇಲ್ಲೇ ಐತೆ. ಮುಚ್ಚಳ ತೆಗ್ದು ತೋರಿಸ್ಲಾ?”

“ಬೇಡ ಬೇಡ ಬೇಡ.”

ಸೋಮವಾರ ಶೀನಣ್ಣನವರ ಮನೆಯಲ್ಲಿ ಸಭೆ ಸೇರಿತು. ಎಲ್ಲರೂ ಗಂಭೀರವಾಗಿದ್ದರು, ಎಲ್ಲರೂ ಭಾನುವಾರದ ಊಟವನ್ನು ಪೂರ್ತಿ ಮುಗಿಸಿದವರೇ ಆಗಿದ್ದರು. ಬಾಯಿ ತೊಳೆಯುವುದೋ, ಗೋಮೂತ್ರ ಕುಡಿಯುವುದೋ, ಮಠಕ್ಕೆ ಹೋಗಿ ಕೇಳುವುದೋ ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಆದರೆ ಕೇಳಿದರೆ ಹೇಳಬೇಕಾಗುತ್ತಿತ್ತು. ಕೊನೆಗೆ ಶೀನಣ್ಣ ಎದ್ದು ನಿಂತು, ಗೋಡೆ ದಾಟದ ವಸ್ತುವನ್ನು ಬಂದಿದೆ ಎಂದು ಪರಿಗಣಿಸತಕ್ಕದ್ದಲ್ಲ ಎಂಬ ರಾಯರ ಮೂಲ ಸಿದ್ಧಾಂತವನ್ನು ಸಭೆಯ ಮುಂದಿಟ್ಟರು. ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಒಬ್ಬರಂತೂ ಎರಡೂ ಕೈ ಎತ್ತಿದರು. ಹಿಂದಿನಿಂದ ಒಂದು ದನಿ, ಹಾಗಾದರೆ ಮುಂದಿನ ಭಾನುವಾರ ಬಾಟಲಿ ಎಷ್ಟು ಹೊತ್ತಿಗೆ ತರಬೇಕು ಎಂದು ಕೇಳಿತು.

ರಾಯರು ಮಾತ್ರ ಕೈ ಎತ್ತಿರಲಿಲ್ಲ. ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಬಂದರು.

ಅವರಿಗೆ ಲೆಕ್ಕ ಸ್ಪಷ್ಟವಾಗಿ ಕಾಣುತ್ತಿತ್ತು. ಕೋಳಿ ಬಂದಿಲ್ಲವಾದರೆ ಈರುಳ್ಳಿಯೂ ಬಂದಿಲ್ಲ. ಅಂದರೆ ಇಷ್ಟು ದಿನ ತಾವು ಹೆಂಡತಿಗೆ ಬಡಿಸಿದ್ದು ಏನನ್ನೂ ಅಲ್ಲ. ಹಸಿದವಳ ಮುಂದೆ ದಿನಾ ಖಾಲಿ ಕುರ್ಚಿ ತಂದಿಟ್ಟು, ಕೂತವರು ಹೇಗಿದ್ದಾರೆ ಎಂದು ಕೇಳಿದ ಹಾಗೆ. ಕೋಳಿ ಬಂದಿದೆಯಾದರೆ ಈರುಳ್ಳಿಯೂ ಬಂದಿದೆ. ಅಂದರೆ ಮೊದಲ ದಿನದ ಮೊದಲ ಹನಿಗೇ ಮನೆಯ ನಿಯಮ ಮುರಿದಿದೆ, ಮುರಿದ ನಿಯಮವನ್ನು ಕಾಯುತ್ತ ಹೆಂಡತಿಯನ್ನು ಉಪವಾಸ ಕೆಡವಿದ್ದಾಯಿತು. ಎರಡು ಕಡೆಯಿಂದ ಕೂಡಿದರೂ ಉತ್ತರ ಒಂದೇ ಬರುತ್ತಿತ್ತು. ಅವರು ಅದನ್ನು ಸೋಮವಾರವಿಡೀ ಕೂಡಿದರು, ಮಂಗಳವಾರವೂ ಕೂಡಿದರು. ಪಂಚಾಂಗದ ಮುಂದೆ ನಿಲ್ಲಲಿಲ್ಲ, ಯಾರಿಗೂ ಏನೂ ಓದಿ ಹೇಳಲಿಲ್ಲ. ತಾರಸಿಗೂ ಹತ್ತಲಿಲ್ಲ.

ಬುಧವಾರ ಬೆಳಿಗ್ಗೆ ಚೀಲ ಹಿಡಿದು ಹೊರಟರು. ಬೀದಿ ತೀರ ನಿಶ್ಶಬ್ದವಾಗಿತ್ತು. ಯಾವ ಮನೆಯಿಂದಲೂ ಒಗ್ಗರಣೆಯ ಸದ್ದಿಲ್ಲ, ಬಾಟಲಿ ಹಿಡಿದ ಒಬ್ಬರೂ ಇಲ್ಲ, ಕೊಳವೆಗಳು ತಣ್ಣಗಿದ್ದವು. ಕೈ ಎತ್ತದ ತಮಗೆ ಬೀದಿಯೆಲ್ಲ ಸೇರಿ ಬಹಿಷ್ಕಾರ ಹಾಕಿದೆ ಎಂದು ರಾಯರಿಗೆ ಅರ್ಥವಾಯಿತು. ಹಾಕಲಿ.

ಗಾಂಧಿ ಬಜಾರಿನಲ್ಲಿ ತರಕಾರಿ ಮಾರುವ ಸುಂದರಮ್ಮ ಅವರನ್ನು ಕಂಡು ಬಾಳೆ ಎಲೆ ಎತ್ತಿಕೊಂಡರು.

“ಎಲೆ ಅಲ್ಲಮ್ಮ. ಸಣ್ಣ ಈರುಳ್ಳಿ ಕೊಡು, ಅರ್ಧ ಕೆಜಿ.”

ಸುಂದರಮ್ಮ ಎಲೆ ಕೆಳಗಿಟ್ಟರು. “ನೀವಾ ಸ್ವಾಮಿ? ಅದೂ ಇವತ್ತಾ?”

“ಯಾಕೆ, ಇವತ್ತು ಮಾರಲ್ವೇನು?”

“ನಾನ್ ದಿನಾನೂ ಮಾರ್ತೀನಪ್ಪ, ನಂದೇನು,” ಎಂದು ಆಕೆ ತಕ್ಕಡಿಗೆ ಸುರಿದರು.

ರಾಯರು ಚೀಲವನ್ನು ಬಚ್ಚಿಡಲಿಲ್ಲ. ಎದೆಗೆ ಒತ್ತಿಕೊಂಡು, ಗೇಟು ತೆಗೆದು, ಮುಂಬಾಗಿಲಿನಿಂದಲೇ ಒಳಗೆ ಬಂದರು. ಹಜಾರದಲ್ಲಿ ಸುಪ್ರಜಾ ಬಾಳೆಹಣ್ಣು ತಿನ್ನುತ್ತ ಕುಳಿತಿದ್ದಳು. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು, ಪಾತ್ರೆಗಳು ಬೋರಲಾಗಿದ್ದವು. ಇವಳೂ ಮುನಿಸಿಕೊಂಡಿದ್ದಾಳೆ, ಅಡುಗೆ ಮಾಡಿಲ್ಲ ಎಂದುಕೊಂಡರು ರಾಯರು. ಅದೂ ನ್ಯಾಯವೇ.

“ಮಾವ,” ಅವಳು ಚೀಲ ನೋಡಿ ಎದ್ದುಬಿಟ್ಟಳು. “ಮಾವ, ಇವತ್ತು...”

“ಏನೂ ಹೇಳ್ಬೇಡಮ್ಮ. ನೀನು ಆವತ್ತು ಹೇಳಿದ್ದು ಸರಿ. ನಾನು ಕೇಳ್ಲಿಲ್ಲ. ಇವತ್ತು ಮಾತ್ರ ನಂಗೆ ಯಾರೂ ಏನೂ ಹೇಳೋ ಹಾಗಿಲ್ಲ.”

ಅವರು ದೇವರ ಮನೆಯ ಬಾಗಿಲೆಳೆದು ಚಿಲಕ ಹಾಕಿ, ಅಡುಗೆಮನೆಯ ನೆಲದ ಮೇಲೆ ಕುಳಿತು ಮೊದಲ ಈರುಳ್ಳಿಯನ್ನು ಕೈಗೆತ್ತಿಕೊಂಡರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅದನ್ನು ಮುಟ್ಟಿದ್ದು ಮೊದಲ ಸಲ. ಒಣ ಸಿಪ್ಪೆ ತೆಗೆದರು, ಒಳಗಿನದೂ ಸಿಪ್ಪೆಯ ಹಾಗೆಯೇ ಕಂಡಿತು, ಅದನ್ನೂ ತೆಗೆದರು, ಅದರೊಳಗೆ ಇನ್ನೊಂದು. ಸಿಪ್ಪೆ ಎಲ್ಲಿ ಮುಗಿದು ಈರುಳ್ಳಿ ಎಲ್ಲಿ ಶುರುವಾಗುತ್ತದೆಂದು ಹುಡುಕುತ್ತ ಹೋದಂತೆ ಈರುಳ್ಳಿಯೇ ಮುಗಿದುಹೋಯಿತು. ಕಣ್ಣು ಧಾರಾಕಾರವಾಗಿ ಸುರಿಯುತ್ತಿತ್ತು.

“ರಾಯ್ರೇ, ನಿಲ್ಸಿ!” ಕಿಟಕಿಯಾಚೆ, ಗೋಡೆಯ ಮೇಲಿಂದ ಲಕ್ಷ್ಮೀದೇವಮ್ಮ ಕೂಗಿದರು. “ಕೆಂಪು ಸಿಪ್ಪೆ ಒಂದು ತೆಗ್ದ್ರೆ ಸಾಕು. ಪೂರ್ತಿ ಸುಲಿದ್ಬಿಟ್ರೆ ಏನ್ ಉಳೀತದೆ? ಆಮೇಲೆ ಒಂಚೂರು ಎಣ್ಣೇಲಿ ಬಾಡ್ಸಿ. ಅಯ್ಯೋ, ನೀವು ಅಳ್ಬೇಡಿ.”

“ಅಳ್ತಿಲ್ಲಮ್ಮ.”

“ಎಲ್ರೂ ಹಂಗೇ ಹೇಳದು.”

ಅನ್ನ ಮಾಡುವುದು, ಬೇಳೆ ಬೇಯಿಸುವುದು, ಹುಳಿ ಕಿವುಚುವುದು, ಕೊತ್ತಂಬರಿ ಮೆಂತ್ಯ ಹುರಿದು ಕಾಯಿಯೊಂದಿಗೆ ರುಬ್ಬುವುದು ರಾಯರಿಗೆ ಗೊತ್ತಿತ್ತು. ಭಾಗೀರಥಮ್ಮ ಅಡುಗೆಮನೆಗೆ ಬರಬಾರದ ದಿನಗಳಲ್ಲಿ ಅವರೇ ಮಡಿಯಲ್ಲಿ ಮಾಡುತ್ತಿದ್ದರು. ಬಾಣಲೆಯಲ್ಲಿ ಈರುಳ್ಳಿಗಳು ಹೊಳೆಯುತ್ತ ಹೊರಳಾಡಿದವು, ಬೆನ್ನ ಮೇಲೆ ಕಂದು ಮಚ್ಚೆ ಮೂಡಿಸಿಕೊಂಡವು, ಹುಳಿಯೊಳಗೆ ಒಂದೊಂದಾಗಿ ಮುಳುಗಿ ಎದ್ದವು. ಆ ವಾಸನೆ ತಾರಸಿಯ ಹನಿಯ ವಾಸನೆಯಂತಿರಲಿಲ್ಲ. ಅದು ಚುಚ್ಚುತ್ತಿರಲಿಲ್ಲ. ಅದು ಬಂದು ಕೂರುತ್ತಿತ್ತು. ರಾಯರು ಬಿಸಿ ಅನ್ನಕ್ಕೆ ಹುಳಿ ಹಾಕಿ, ತುಪ್ಪ ಬಿಟ್ಟು, ಇಡೀ ಈರುಳ್ಳಿಗಳನ್ನು ಆರಿಸಿ ಮೇಲೆ ಜೋಡಿಸಿದರು. ಸುಪ್ರಜಾ ಬಾಗಿಲಲ್ಲಿ ಬಾಯಿ ತೆರೆದು, ಮುಚ್ಚಿ, ದಾರಿ ಬಿಟ್ಟಳು.

ಭಾಗೀರಥಮ್ಮ ಆಗಲೇ ಎದ್ದು ಗೋಡೆಗೊರಗಿ ಕುಳಿತಿದ್ದರು. ಎಷ್ಟೋ ದಿನಗಳ ಮೇಲೆ ಅವರ ಕೆನ್ನೆಗೆ ಬಣ್ಣ ಬಂದಿತ್ತು. ರಾಯರು ಬಟ್ಟಲನ್ನು ಅವರ ಮಡಿಲ ಹತ್ತಿರ ಹಿಡಿದರು. ಆಕೆ ಬಾಗಿ ನೋಡಿದರು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು, ಬಾಯಲ್ಲಿ ಬಂದ ನೀರನ್ನು ನುಂಗಿದ ಸದ್ದು ರಾಯರಿಗೂ ಕೇಳಿಸಿತು.

“ಎಣ್ಣೆ ಅಲ್ಲ ಕಣೆ ಇದು,” ಎಂದರು ರಾಯರು. “ಬೆರಳು ಹಾಕಿ ನೋಡು, ಸಿಗತ್ತೆ. ಇಡಿಯಾಗಿದೆ. ನಾನೇ ತಂದೆ, ನಾನೇ ಸುಲಿದೆ, ನಮ್ಮ ಒಲೇಲೇ ಮಾಡ್ದೆ.”

“ಚೆನ್ನಾಗಿ ಬಂದಿದೆ. ವಾಸನೆಗೇ ಗೊತ್ತಾಗ್ತಿದೆ.”

“ತಿನ್ನು ಮತ್ತೆ. ಹಸಿವಾಗ್ತಿದ್ಯಾ?”

“ಆಗ್ತಿದೆ. ತುಂಬಾ ಆಗ್ತಿದೆ.”

“ತಿನ್ನೇ.”

ಭಾಗೀರಥಮ್ಮ ದಾರ ಸುತ್ತಿದ ಬಳೆಗಳನ್ನು ಮೇಲಕ್ಕೆ ಸರಿಸಿ, ಬಟ್ಟಲನ್ನು ಗಂಡನ ಕಡೆಗೆ ತಳ್ಳಿದರು.

“ಬೇಡ,” ಎಂದರು. “ಇವತ್ತು ಏಕಾದಶಿ.”